ಮಾಗಿಯ ದಿನಗಳಲ್ಲಿ ಮನಸ್ಸಿನ ಆರೈಕೆ

ಕಾರ್ತಿಕದ ದೀಪಗಳು ಆರುವ ಹೊತ್ತಿಗೆ ನಮ್ಮ ಗಡಿನಾಡಿನ ಊರುಗಳಲ್ಲಿ ಚಳಿ ಕಾಲಿಡುತ್ತದೆ. ಉದಕಮಂಡಲದ ಹುಲ್ಲುಗಾವಲುಗಳು ಡಿಸೆಂಬರ್-ಜನವರಿಯ ಕೆಲವು ಮುಂಜಾನೆಗಳಲ್ಲಿ ಹಿಮ ಹೆಪ್ಪುಗಟ್ಟಿ ಬೆಳ್ಳಗಾಗಿರುತ್ತವೆ. ಹೊಸೂರು, ತಾಳವಾಡಿಗಳ ಕಡೆ ಬಿಸಿಲೇರುವ ತನಕ ಮಂಜು ಕರಗುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ಬಯಲಿನಲ್ಲಿ ಹಗಲು ಬಿಸಿಲಿದ್ದರೂ ಇರುಳು ಕಂಬಳಿ ಬೇಡುತ್ತದೆ. ಕಾಸರಗೋಡಿನಲ್ಲಿ ಚಳಿ ಹೆಸರಿಗಷ್ಟೇ ಆದರೂ ಧನುಪೂಜೆಗೆ ಹೊರಟವರು ಹೆಗಲಿಗೊಂದು ಶಾಲು ಹೊದೆಯದೆ ಇರುವುದಿಲ್ಲ.

ಈ ಕಾಲದಲ್ಲಿ ದೇಹದ ಆರೈಕೆಯನ್ನು ಯಾರೂ ಮರೆಯುವುದಿಲ್ಲ. ಒಡೆದ ಹಿಮ್ಮಡಿಗೆ ಎಣ್ಣೆ, ಕೆಮ್ಮಿಗೆ ಶುಂಠಿಯ ಕಷಾಯ, ಹಸುಗೂಸಿಗೆ ಕುಲಾವಿ, ಅಜ್ಜನ ಮಂಡಿಗೆ ಬಿಸಿನೀರಿನ ಶಾಖ - ಇವೆಲ್ಲ ಕೇಳದೆಯೇ ನಡೆದುಹೋಗುತ್ತವೆ. ಆದರೆ ಇದೇ ದಿನಗಳಲ್ಲಿ ಮನಸ್ಸು ಕುಗ್ಗುವುದೂ ಉಂಟೆಂಬುದು ನಮ್ಮ ಗಮನಕ್ಕೆ ಬರುವುದು ಅಪರೂಪ. ಹಬ್ಬದ ಅಡುಗೆ ಮಾಡುತ್ತಲೇ ಕಣ್ಣೊರೆಸಿಕೊಳ್ಳುವ ಗೃಹಿಣಿ, ಜಾತ್ರೆಯ ಖರ್ಚಿಗೆ ಕೈಸಾಲ ಹುಡುಕುತ್ತ ನಿದ್ದೆಗೆಟ್ಟ ಯಜಮಾನ, ಮಕ್ಕಳು ಬರಲಿಲ್ಲವೆಂದು ಊಟ ಬಿಟ್ಟ ಮುದುಕಿ - ಇವರನ್ನು ನಾವು ಕಂಡಿರುತ್ತೇವೆ. ಕಂಡರೂ ‘ಹಬ್ಬದ ದಿನ ಅಳಬಾರದು’ ಎಂದು ಅವರ ಬಾಯಿ ಮುಚ್ಚಿಸಿರುತ್ತೇವೆ. ಮಾಗಿಯೂ ಹಬ್ಬವೂ ಮನಸ್ಸಿನ ಮೇಲೆ ಹೊರಿಸುವ ಭಾರದಲ್ಲಿ ಎಷ್ಟು ಪಾಲು ಋತುವಿನದು, ಎಷ್ಟು ಪಾಲು ನಾವೇ ಒಬ್ಬರ ಮೇಲೊಬ್ಬರು ಹೇರಿಕೊಂಡದ್ದು ಎಂಬುದನ್ನು ಬೇರ್ಪಡಿಸಿ ನೋಡಿದರೆ, ಅದನ್ನು ಇಳಿಸುವ ದಾರಿಯೂ ತೋರುತ್ತದೆ.

ಬೆಳಕು ಕಡಿಮೆಯಾದಾಗ

ಮೊದಲು ಋತುವಿನ ಪಾಲನ್ನು ನೋಡೋಣ. ಭೂಮಿಯ ಉತ್ತರ ತುದಿಗೆ ಹತ್ತಿರವಾದ ನಾಡುಗಳಲ್ಲಿ ಚಳಿಗಾಲವೆಂದರೆ ಕತ್ತಲೆಯ ಕಾಲ. ನಾರ್ವೆ ದೇಶದ ಟ್ರಾಮ್ಸೊ ಎಂಬ ಪಟ್ಟಣದಲ್ಲಿ ನವೆಂಬರ್ ತಿಂಗಳ ಕೊನೆಯಿಂದ ಜನವರಿಯ ನಡುವಿನ ವರೆಗೆ, ಸುಮಾರು ಏಳು ವಾರಗಳ ಕಾಲ, ಸೂರ್ಯ ಕ್ಷಿತಿಜದ ಮೇಲೆ ಬರುವುದೇ ಇಲ್ಲ. ಲಂಡನ್ನಿನಲ್ಲಿ ಡಿಸೆಂಬರ್ 21-22ರ ಸುಮಾರಿಗೆ ಹಗಲು 8 ಗಂಟೆಗೂ ಕಡಿಮೆ. ಅಂಥ ನಾಡುಗಳಲ್ಲಿ ಕೆಲವರಿಗೆ ಪ್ರತಿವರ್ಷವೂ ಚಳಿಗಾಲ ಬಂತೆಂದರೆ ಖಿನ್ನತೆ ಆವರಿಸಿ, ವಸಂತದಲ್ಲಿ ತಾನಾಗಿ ಬಿಟ್ಟುಹೋಗುವುದನ್ನು ವೈದ್ಯರು ಗಮನಿಸಿದರು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ನಾರ್ಮನ್ ರೋಸೆಂಥಾಲ್ ಎಂಬ ವೈದ್ಯರೂ ಅವರ ಸಂಗಡಿಗರೂ 1984ರಲ್ಲಿ ಇದನ್ನು ವಿವರವಾಗಿ ಬಣ್ಣಿಸಿ, ಋತುಮಾನದ ಖಿನ್ನತೆ ಎಂಬರ್ಥದ ಹೆಸರನ್ನು ಕೊಟ್ಟರು.

ಸಾಮಾನ್ಯ ಖಿನ್ನತೆಯಲ್ಲಿ ಹಸಿವು, ನಿದ್ದೆಗಳು ಕುಗ್ಗುವುದೇ ಹೆಚ್ಚು. ಈ ಬಗೆಯ ಖಿನ್ನತೆಯಲ್ಲಿ ಮಾತ್ರ ಬಹುಮಂದಿಗೆ ಅತಿನಿದ್ದೆ, ಸಿಹಿ ಮತ್ತು ಹಿಟ್ಟಿನ ತಿನಿಸುಗಳ ಮೇಲೆ ಅತಿಯಾಸೆ, ಮೈಭಾರ, ಜಡತೆಗಳು ಕಾಣಿಸಿಕೊಳ್ಳುತ್ತವೆ. ಕಾರಣವೂ ಸ್ವಾರಸ್ಯಕರವಾದುದು. ಕಣ್ಣಿನ ಮೂಲಕ ಒಳಹೊಕ್ಕ ಬೆಳಕು ನೋಟಕ್ಕೆ ಮಾತ್ರವಲ್ಲ, ಮಿದುಳಿನ ಆಳದಲ್ಲಿರುವ ಒಂದು ಪುಟ್ಟ ನರಕೇಂದ್ರಕ್ಕೂ ತಲಪುತ್ತದೆ. ದೇಹದ ಗಡಿಯಾರವೆಂದರೆ ಅದೇ. ಕತ್ತಲಾದಾಗ ಮೆಲಟೋನಿನ್ ಎಂಬ ರಸವನ್ನು ಸ್ರವಿಸುವಂತೆಯೂ, ಬೆಳಗಾದಾಗ ಅದನ್ನು ನಿಲ್ಲಿಸುವಂತೆಯೂ ಅದು ಆಜ್ಞೆ ಮಾಡುತ್ತದೆ. ಮುಂಜಾನೆಯ ಬೆಳಕು ಸಾಲದಾದಾಗ ಈ ಗಡಿಯಾರ ಹಿಂದೆ ಬೀಳುತ್ತದೆ. ಎದ್ದು ಕುಳಿತರೂ ದೇಹಕ್ಕೆ ಇನ್ನೂ ಇರುಳೇ. ಆದುದರಿಂದ ಆ ನಾಡುಗಳಲ್ಲಿ ಬೆಳಗಿನ ಹೊತ್ತು ಸುಮಾರು ಅರ್ಧ ಗಂಟೆ 10,000 ಲಕ್ಸ್ ಪ್ರಮಾಣದ ಪ್ರಖರ ದೀಪದ ಮುಂದೆ ಕುಳಿತಿರುವುದನ್ನೇ ಒಂದು ಚಿಕಿತ್ಸೆಯಾಗಿ ಬಳಸುತ್ತಾರೆ. ಕಣ್ಣಿನ ರೋಗವುಳ್ಳವರೂ, ಒಮ್ಮೆ ಅತಿ ಉತ್ಸಾಹ, ಇನ್ನೊಮ್ಮೆ ಅತಿ ಖಿನ್ನತೆ ಎಂಬಂತಹ ಕಾಯಿಲೆಯುಳ್ಳವರೂ ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು.

ಇನ್ನು ನಮ್ಮ ಸಂಗತಿ. ವರ್ಷದ ಅತಿ ಚಿಕ್ಕ ಹಗಲಿನಲ್ಲಿಯೂ ಸೊಲ್ಲಾಪುರದಲ್ಲಿ ಸುಮಾರು 11 ಗಂಟೆಯಷ್ಟು, ಕಾಸರಗೋಡಿನಲ್ಲಿ 11 ಗಂಟೆ 20 ನಿಮಿಷಕ್ಕೂ ಮಿಕ್ಕಿ ಬೆಳಕಿರುತ್ತದೆ. ಆದುದರಿಂದ ಬೆಳಕಿನ ಕೊರತೆಯೊಂದರಿಂದಲೇ ಬರುವ ಖಿನ್ನತೆ ನಮ್ಮಲ್ಲಿ ವಿರಳ. ಆದರೆ ಆ ಬೆಳಕು ನಮ್ಮ ಮೈಮೇಲೆ ಬೀಳಬೇಕಲ್ಲ! ಬಾಗಿಲು ಮುಚ್ಚಿಕೊಂಡು ಅಡುಗೆಮನೆಯಲ್ಲೇ ಬೆಳಗು ಕಳೆಯುವ ಸೊಸೆಗೂ, ಮಗ್ಗದ ಮುಂದೆ ಹಗಲೆಲ್ಲ ದುಡಿಯುವ ಸೊಲ್ಲಾಪುರದ ಕೆಲಸಗಾರನಿಗೂ, ಕಂಬಳಿಯೊಳಗೆ ಮೊಬೈಲ್ ಹಿಡಿದು ನಡುರಾತ್ರಿಯ ತನಕ ಎಚ್ಚರವಿದ್ದು ಒಂಬತ್ತಕ್ಕೆ ಏಳುವ ಹುಡುಗನಿಗೂ ಸೂರ್ಯನು ಇದ್ದೂ ಇಲ್ಲದಂತೆಯೇ. ದೀಪ ಹಚ್ಚಿದ ಕೋಣೆಯಲ್ಲಿ ಬೆಳಕಿನ ಪ್ರಮಾಣ ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ. ಮೋಡ ಕವಿದ ದಿನವೂ ಹೊರಗಿನ ಬಯಲಿನಲ್ಲಿ ಅದು ಸಾವಿರಗಟ್ಟಲೆ ಇರುತ್ತದೆ.

ಪರದೇಶದಲ್ಲಿರುವ ಮಕ್ಕಳ ವಿಷಯವನ್ನೂ ಇಲ್ಲಿ ನೆನೆಯಬೇಕು. ಲಂಡನ್, ಟೊರಾಂಟೋಗಳಂತಹ ಪಟ್ಟಣಗಳಿಗೆ ಓದಲೆಂದೋ ಉದ್ಯೋಗಕ್ಕೆಂದೋ ಹೋದ ಮಗನಾಗಲಿ ಮಗಳಾಗಲಿ ಡಿಸೆಂಬರಿನಲ್ಲಿ ಫೋನಿನಲ್ಲಿ ‘ಏನೂ ಬೇಡವಾಗಿದೆ, ಬರೀ ನಿದ್ದೆ’ ಎಂದರೆ ಸೋಮಾರಿತನವೆಂದು ಗದರಬೇಡಿರಿ. ಅಲ್ಲಿನ ಕತ್ತಲೆ ಅವರಿಗೆ ಹೊಸದು. ಹಗಲಿನಲ್ಲಿ ಹೊರಗೆ ನಡೆಯುವಂತೆಯೂ, ಎರಡು ವಾರವಾದರೂ ಬಿಡದಿದ್ದರೆ ಅಲ್ಲಿನ ವೈದ್ಯರನ್ನು ಕಾಣುವಂತೆಯೂ ಹೇಳಿರಿ.

ಹಬ್ಬದ ಹೊರೆ

ಹೀಗೆ ನಮ್ಮ ನಾಡಿನಲ್ಲಿ ಋತುವಿನ ಪಾಲು ಸಣ್ಣದು. ದೊಡ್ಡ ಪಾಲು ಹಬ್ಬಗಳ ಸುತ್ತ ನಾವು ಕಟ್ಟಿಕೊಂಡದ್ದು. ದೀಪಾವಳಿ, ತುಳಸಿ ಪೂಜೆ, ಧನುರ್ಮಾಸ, ನೀಲಗಿರಿಯ ಬಡಗರಿಗೆ ಹೆತ್ತೆ ಹಬ್ಬ, ಬಯಲುಸೀಮೆಯ ರೈತರಿಗೆ ಎಳ್ಳಮಾವಾಸ್ಯೆ, ಕ್ರೈಸ್ತ ಬಂಧುಗಳಿಗೆ ಕ್ರಿಸ್ಮಸ್, ಸೊಲ್ಲಾಪುರದವರಿಗೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ - ಮೂರು ತಿಂಗಳಲ್ಲಿ ಒಂದರ ಬೆನ್ನಿಗೊಂದು ಬರುತ್ತವೆ. ಗಡಿಯಲ್ಲಿರುವ ನಮಗೆ ಇನ್ನೊಂದು ವಿಶೇಷವುಂಟು: ನಮ್ಮ ಹಬ್ಬಗಳ ಜೊತೆಗೆ ನೆರೆಯವರ ಪದ್ಧತಿಗಳನ್ನೂ ಮನೆಯೊಳಗೆ ಬರಮಾಡಿಕೊಂಡಿದ್ದೇವೆ. ಅದು ಸಂತೋಷದ ವಿಷಯವೇ. ಆದರೆ ಎರಡೂ ಕಡೆಯ ಸಿಹಿತಿಂಡಿ, ಎರಡೂ ಕಡೆಯ ಉಡುಗೊರೆ, ಎರಡೂ ಕಡೆಯ ಲೋಕಾಪವಾದದ ಭಯ ಒಂದೇ ಮನೆಯ ಮೇಲೆ ಬಿದ್ದಾಗ ಸಂತೋಷಕ್ಕೆ ಎಡೆಯೆಲ್ಲಿ?

ಹೊಸ ಅಳಿಯನ ಮೊದಲ ದೀಪಾವಳಿಯನ್ನೇ ತೆಗೆದುಕೊಳ್ಳಿರಿ. ಕನ್ನಡಿಗರಲ್ಲಿಯೂ ತಮಿಳರಲ್ಲಿಯೂ ಮರಾಠಿಗರಲ್ಲಿಯೂ ಇದು ಸಂಭ್ರಮದ ಪದ್ಧತಿ. ಎಣ್ಣೆಸ್ನಾನ ಮಾಡಿಸಿ, ಹೊಸ ಬಟ್ಟೆ ಕೊಟ್ಟು, ಮಗಳು-ಅಳಿಯನನ್ನು ಹರಸುವುದಷ್ಟೇ ಅದರ ತಿರುಳು. ಈಗ ಅದರ ಮೇಲೆ ಉಂಗುರ, ಕೈಗಡಿಯಾರ, ದ್ವಿಚಕ್ರ ವಾಹನಗಳವರೆಗೆ ಬೇಡಿಕೆ ಬೆಳೆದಿದೆ. ಮದುವೆಯ ಸಾಲವೇ ತೀರದ ತಂದೆ ಮತ್ತೊಂದು ಸಾಲಕ್ಕೆ ಕೈಯೊಡ್ಡುತ್ತಾನೆ. ಅದನ್ನು ಹೆಂಡತಿಗೂ ತಿಳಿಸುವುದಿಲ್ಲ. ಹಬ್ಬ ಕಳೆದ ಮೇಲೆ ಬಡ್ಡಿ ಬೆಳೆಯುತ್ತದೆ, ಅವನ ನಿದ್ದೆ ಕರಗುತ್ತದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಮಕ್ಕಳಿಗೆ ಹೇಳಿಕೊಡುವ ನಾವು, ಹಬ್ಬ ಬಂದೊಡನೆ ಅದನ್ನು ಮರೆಯುವುದು ನ್ಯಾಯವಲ್ಲ.

ಇನ್ನೊಂದು ಹೊರೆ ಹೆಂಗಸರ ದುಡಿಮೆ. ಮನೆಮಂದಿಗೆಲ್ಲ ರಜೆಯೆಂದರೆ ಅಡುಗೆಯವಳಿಗೆ ಇಮ್ಮಡಿ ಕೆಲಸ. ನಸುಕಿನಲ್ಲೆದ್ದು ಸಾರಿಸಿ, ರಂಗೋಲಿಯಿಟ್ಟು, ನೈವೇದ್ಯ ಮಾಡಿ, ಬಂದವರಿಗೆ ಬಡಿಸಿ, ಕೊನೆಗೆ ತಾನು ಉಣ್ಣುವ ಹೊತ್ತಿಗೆ ಮೂರು ಗಂಟೆ. ಅವಳ ಸಿಡುಕನ್ನು ಸ್ವಭಾವದ ದೋಷವೆಂದು ಎಣಿಸುವವರುಂಟು. ನಿದ್ದೆಗೆಟ್ಟು, ಹೊತ್ತುಹೊತ್ತಿಗೆ ಉಣ್ಣದೆ ಮೂರು ದಿನ ದುಡಿದರೆ ಎಂಥವರ ಸಹನೆಯೂ ಮುರಿಯುತ್ತದೆ. ಹೋಳಿಗೆಗೆ ಮೂರು ಕೈ ಕೂಡಿದರೆ ಅದು ಹಬ್ಬ, ಒಂದೇ ಕೈಯಾದರೆ ಅದು ಸೆರೆ. ಗಂಡಸರೂ ಗಂಡುಮಕ್ಕಳೂ ಕಾಯಿ ತುರಿಯಲು, ಪಾತ್ರೆ ತೊಳೆಯಲು ಕೂತರೆ ಮರ್ಯಾದೆಗೆ ಕುಂದೇನೂ ಇಲ್ಲ.

ಬರಿದಾದ ಮನೆಗಳು

ಎಲ್ಲ ಮನೆಗಳೂ ಈ ಕಾಲದಲ್ಲಿ ತುಂಬಿರುವುದಿಲ್ಲ. ಜತ್ತ ತಾಲೂಕಿನ ಮಳೆಯಿಲ್ಲದ ಹಳ್ಳಿಗಳಿಂದ ಕಬ್ಬು ಕಡಿಯುವ ತಂಡಗಳು ದಸರೆ-ದೀಪಾವಳಿಗಳ ಸುಮಾರಿಗೆ ಸಕ್ಕರೆ ಕಾರ್ಖಾನೆಗಳ ಕಡೆಗೆ ಹೊರಟರೆ ಮರಳುವುದು ಬೇಸಗೆ ಬಂದಾಗಲೇ. ಅದೋನಿಯ ಸುತ್ತಣ ಊರುಗಳಿಂದ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಕುಟುಂಬಗಳೇ ಹೋಗುತ್ತವೆ. ಹಿಂದುಳಿಯುವವರು ಮುದುಕರು, ಮಕ್ಕಳು. ಕಾಸರಗೋಡಿನ ಅನೇಕ ಮನೆಗಳಲ್ಲಿ ಮಕ್ಕಳು ಕೊಲ್ಲಿ ದೇಶಗಳಲ್ಲಿಯೋ ಬೆಂಗಳೂರಿನಲ್ಲಿಯೋ ಇದ್ದು, ತೋಟದ ನಡುವಿನ ದೊಡ್ಡ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ದೀಪ ಹಚ್ಚುತ್ತಾರೆ. ನೆರೆಮನೆಯ ಪಟಾಕಿಯ ಸದ್ದು ಕಿವಿಗೆ ಬಿದ್ದಾಗಲೇ ತಮ್ಮ ಮನೆಯ ಮೌನ ಅವರಿಗೆ ಹೆಚ್ಚಾಗಿ ಕೇಳುವುದು.

ವರ್ಷದೊಳಗೆ ಸಾವು ಸಂಭವಿಸಿದ ಮನೆಯ ಪಾಡೂ ಹೀಗೆಯೇ. ಅನೇಕ ಮನೆತನಗಳಲ್ಲಿ ಆ ವರ್ಷ ಹಬ್ಬ ಮಾಡುವುದಿಲ್ಲ. ನೆಂಟರೋ ನೆರೆಯವರೋ ಸಿಹಿ ತಂದುಕೊಡುವ ರೂಢಿಯುಂಟು. ಆ ರೂಢಿಯಲ್ಲಿ ಒಂದು ದೊಡ್ಡ ತಿಳಿವಳಿಕೆಯಿದೆ. ದುಃಖದಲ್ಲಿರುವವರು ನಗಬೇಕೆಂದು ಒತ್ತಾಯವಿಲ್ಲ, ಆದರೆ ಅವರನ್ನು ಒಂಟಿಯಾಗಿ ಬಿಡುವುದೂ ಇಲ್ಲ. ಸಿಹಿಯ ಡಬ್ಬಿ ಬಾಗಿಲಲ್ಲಿ ಕೊಟ್ಟು ಹಿಂದಿರುಗದೆ, ಹತ್ತು ನಿಮಿಷ ಕುಳಿತು ಅಗಲಿದವರ ಹೆಸರೆತ್ತಿ ಮಾತನಾಡಿರಿ. ಹೆಸರೆತ್ತಿದರೆ ನೋವು ಹೆಚ್ಚೀತೆಂದು ಸುಮ್ಮನಿರುವವರೇ ಹೆಚ್ಚು. ನೊಂದವರಿಗೆ ಅಂಥ ಮೌನವೇ ದೊಡ್ಡ ನೋವು.

ಮನೆಯಲ್ಲೇ ಮಾಡಬಹುದಾದುದು

ಬೆಳಗ್ಗೆ ಎದ್ದ ಒಂದು ಗಂಟೆಯೊಳಗೆ ಹೊರಗೆ ಬನ್ನಿರಿ. ಅರ್ಧ ಗಂಟೆ ನಡೆದರೆ ಉತ್ತಮ; ನಡೆಯಲಾರದವರು ಜಗಲಿಯಲ್ಲಿ ಎಳೆಬಿಸಿಲಿಗೆ ಮುಖಮಾಡಿ ಕುಳಿತರೂ ಸಾಕು. ಸೂರ್ಯನನ್ನೇ ದಿಟ್ಟಿಸಬಾರದು. ಧನುರ್ಮಾಸದಲ್ಲಿ ನಸುಕಿಗೆ ಎದ್ದು ಮಿಂದು ದೇವಸ್ಥಾನಕ್ಕೆ ನಡೆದು, ಹುಗ್ಗಿಯ ಪ್ರಸಾದ ತಿಂದು, ಬಿಸಿಲೇರುವಾಗ ಮನೆಗೆ ಮರಳುತ್ತಿದ್ದ ಹಿರಿಯರಿಗೆ ಮೆಲಟೋನಿನ್ನಿನ ಸುದ್ದಿ ತಿಳಿದಿರಲಿಲ್ಲ. ಆದರೆ ಬೇಗ ಮಲಗುವುದು, ಒಂದೇ ಹೊತ್ತಿಗೆ ಏಳುವುದು, ನಡೆಯುವುದು, ನಾಲ್ಕು ಜನರ ಮುಖ ನೋಡುವುದು - ಈ ನಾಲ್ಕೂ ಆ ಒಂದು ನೇಮದಲ್ಲಿ ಸೇರಿದ್ದವು. ದೇವಸ್ಥಾನಕ್ಕೆ ಹೋಗದವರು ಹಾಲು ತರಲೆಂದಾದರೂ ನಡೆಯಬಹುದು.

ನಿದ್ದೆಯ ಹೊತ್ತನ್ನು ಹಬ್ಬದಲ್ಲಿಯೂ ಬಹಳ ಕೆಡಿಸಬೇಡಿರಿ. ಯಕ್ಷಗಾನಕ್ಕೆ ಒಂದಿರುಳು ಎಚ್ಚರವಿದ್ದರೆ ಕೇಡಿಲ್ಲ. ವಾರಗಟ್ಟಲೆ ಎಚ್ಚರವಿದ್ದರೆ ಮನಸ್ಸು ತಾಳ ತಪ್ಪುತ್ತದೆ. ಮಧ್ಯಾಹ್ನದ ಮೇಲೆ ಕಾಫಿ-ಚಹಾಗಳನ್ನು ಕಡಿಮೆ ಮಾಡಿರಿ. ಚಳಿಗೆಂದೋ ದಣಿವಿಗೆಂದೋ ಕುಡಿಯುವ ಮದ್ಯ ಆ ಗಳಿಗೆಗೆ ಹಗುರವೆನಿಸಿದರೂ ನಿದ್ದೆಯನ್ನು ಒಡೆಯುತ್ತದೆ, ಖಿನ್ನತೆಯನ್ನು ಬಲಪಡಿಸುತ್ತದೆ. ಹಬ್ಬದ ಜಗಳಗಳಲ್ಲಿ ಅದರ ಪಾಲೆಷ್ಟೆಂಬುದನ್ನು ಮನೆಯ ಹೆಂಗಸರೇ ಬಲ್ಲರು.

ಹಬ್ಬಕ್ಕೆ ಹದಿನೈದು ದಿನ ಮುಂಚೆ ಗಂಡ-ಹೆಂಡತಿ ಇಬ್ಬರೂ ಕುಳಿತು ಒಂದು ಹಾಳೆಯಲ್ಲಿ ಖರ್ಚು ಬರೆಯಲಿ. ಇದ್ದ ಹಣವೆಷ್ಟು, ಮೊದಲಿನ ಸಾಲವೆಷ್ಟು, ಬಿಡಲಾಗದ್ದು ಯಾವುದು, ಬಿಟ್ಟರೂ ನಡೆಯುವುದು ಯಾವುದು - ಇದನ್ನು ಬೆಳೆದ ಮಕ್ಕಳಿಗೂ ತೋರಿಸಲಿ. ಗುಟ್ಟಾದ ಸಾಲಕ್ಕಿಂತ ಬಹಿರಂಗವಾದ ಬಡತನ ಮನಸ್ಸಿಗೆ ಹಗುರ. ಬೀಗರಿಗೆ ಹೇಳಬೇಕಾದುದನ್ನು ಮುಂಚಿತವಾಗಿಯೇ ಹೇಳಿರಿ: ‘ಈ ವರ್ಷ ಇಷ್ಟೇ ಆಗುತ್ತದೆ, ಮಕ್ಕಳು ಬಂದು ಉಂಡುಹೋಗಲಿ.’ ಗಂಡಿನ ಕಡೆಯವರೇ ಮುಂದಾಗಿ ‘ಏನೂ ಬೇಡಿ, ನಿಮ್ಮ ಮನೆಯ ಊಟ ಸಾಕು’ ಎಂದರಂತೂ ಅದಕ್ಕಿಂತ ದೊಡ್ಡ ಉಡುಗೊರೆಯಿಲ್ಲ.

ಬಯಲುಸೀಮೆಯ ಎಳ್ಳಮಾವಾಸ್ಯೆಯಿಂದ ಎಲ್ಲರೂ ಕಲಿಯಬಹುದಾದುದಿದೆ. ಅಂದು ಮನೆಮಂದಿ ಸಜ್ಜೆರೊಟ್ಟಿ, ಪಲ್ಯ, ಹೋಳಿಗೆಗಳ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಬಿಳಿಜೋಳದ ನಡುವೆ ಬಿಸಿಲಿನಲ್ಲಿ ಕುಳಿತು ಒಟ್ಟಾಗಿ ಉಣ್ಣುತ್ತಾರೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುತ್ತಾರೆ. ಖರ್ಚು ಕಡಿಮೆ, ಬೆಳಕು ಹೆಚ್ಚು, ಜೊತೆ ತುಂಬ. ನಗರದಲ್ಲಿರುವ ಕುಟುಂಬಗಳು ರಜೆಯ ಒಂದು ದಿನ ಬುತ್ತಿ ಕಟ್ಟಿಕೊಂಡು ಕೆರೆಯ ದಂಡೆಗೋ ಬೆಟ್ಟದ ಬುಡಕ್ಕೋ ಹೋಗಲಿ. ಒಂಟಿಯಾಗಿರುವ ನೆರೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಲಿ.

ದೂರದಲ್ಲಿರುವ ಮಕ್ಕಳಿಗೂ ಒಂದು ಮಾತು. ಹಬ್ಬದ ದಿನವೊಂದೇ ಒಂದು ಗಂಟೆ ವಿಡಿಯೋ ಕರೆ ಮಾಡುವುದಕ್ಕಿಂತ ವಾರಕ್ಕೆರಡು ದಿನ ಗೊತ್ತಾದ ಹೊತ್ತಿಗೆ ಹತ್ತು ನಿಮಿಷ ಮಾತನಾಡುವುದು ಅಪ್ಪ-ಅಮ್ಮನಿಗೆ ಹೆಚ್ಚು ಆಸರೆ. ಕಾಯುವುದಕ್ಕೆ ಒಂದು ಹೊತ್ತಿದ್ದರೆ ಉಳಿದ ಹೊತ್ತು ಸುಲಭವಾಗಿ ಕಳೆಯುತ್ತದೆ.

ಬೇಸರವೋ ಕಾಯಿಲೆಯೋ?

ಮೇಲಿನ ಉಪಾಯಗಳು ಬೇಸರಕ್ಕೆ ಮದ್ದು. ಕಾಯಿಲೆಗೆ ಅವು ಸಾಲವು. ಎರಡು ವಾರಗಳಿಗೂ ಮಿಕ್ಕಿ ದಿನದ ಬಹುಭಾಗ ಮನಸ್ಸು ಮಂಕಾಗಿರುವುದು, ಹಿಂದೆ ಪ್ರಿಯವಾಗಿದ್ದ ಯಾವುದೂ ಬೇಡವಾಗುವುದು, ನಿದ್ದೆ-ಹಸಿವುಗಳು ತೀರ ಕುಗ್ಗುವುದು ಇಲ್ಲವೆ ಹೆಚ್ಚುವುದು, ಸಣ್ಣ ಕೆಲಸಕ್ಕೂ ಆಯಾಸ, ‘ನನ್ನಿಂದ ಎಲ್ಲರಿಗೂ ಭಾರ’ ಎಂಬ ಭಾವನೆ, ಸಾವಿನ ಯೋಚನೆ - ಇವುಗಳಲ್ಲಿ ಹಲವು ಕೂಡಿ ಕಂಡರೆ ಅದು ಖಿನ್ನತೆಯೆಂಬ ರೋಗವಾಗಿರಬಹುದು. ಹಿರಿಯರಲ್ಲಿ ಅದು ದುಃಖದ ಮಾತಾಗಿ ಬರದೆ ಸೊಂಟನೋವು, ತಲೆಭಾರ, ಎದೆಯುರಿಗಳ ವೇಷದಲ್ಲಿ ಬರುವುದುಂಟು. ಥೈರಾಯ್ಡ್ ಗ್ರಂಥಿಯ ದೋಷ, ರಕ್ತಹೀನತೆಗಳೂ ಇದೇ ರೀತಿ ತೋರಬಹುದಾದ್ದರಿಂದ ವೈದ್ಯರ ಪರೀಕ್ಷೆ ಅಗತ್ಯ. ಖಿನ್ನತೆಯ ಔಷಧಿಗಳು ಗುಣ ತೋರಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತವೆ. ನಾಲ್ಕು ದಿನ ನುಂಗಿ ಬಿಡುವುದೂ, ಗುಣವಾದೊಡನೆ ತಾನಾಗಿ ನಿಲ್ಲಿಸುವುದೂ ತಪ್ಪು.

ಮನೆಯವರೊಬ್ಬರು ‘ಬದುಕಿ ಏನು ಪ್ರಯೋಜನ’ ಎಂದರೆ ಅದನ್ನು ಬಾಯಿಮಾತೆಂದು ತಳ್ಳಿಬಿಡಬಾರದು. ‘ಸಾಯಬೇಕೆಂದು ಅನ್ನಿಸುತ್ತಿದೆಯೆ?’ ಎಂದು ಮೆತ್ತಗೆ, ನೇರವಾಗಿ ಕೇಳಿರಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದ ಯೋಚನೆಗೆ ಮಾತಿನ ದಾರಿ ಸಿಗುತ್ತದೆ. ಅವರನ್ನು ಒಂಟಿಯಾಗಿ ಬಿಡದೆ, ಹೊಲಕ್ಕೆಂದು ತಂದ ಕೀಟನಾಶಕವನ್ನು ಕೂಡಲೇ ಮನೆಯಿಂದ ದೂರ ಸಾಗಿಸಿ ಬೀಗದಲ್ಲಿಡಿರಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮ ನುಡಿಯಲ್ಲೇ ನೆರವು

ಗಡಿಯಾಚೆಯ ಕನ್ನಡಿಗರಿಗೆ ಇಲ್ಲೊಂದು ವಿಶೇಷ ತೊಡಕುಂಟು. ಅಂಗಡಿ, ಕಚೇರಿ, ಬಸ್ಸುಗಳಲ್ಲಿ ನಾವು ಮಲಯಾಳ, ತಮಿಳು, ಮರಾಠಿ, ತೆಲುಗುಗಳನ್ನು ಸಲೀಸಾಗಿ ಆಡುತ್ತೇವೆ. ಕಾಲುನೋವನ್ನು ಯಾವ ಭಾಷೆಯಲ್ಲಾದರೂ ಹೇಳಬಹುದು. ಬೆರಳು ತೋರಿಸಿದರೂ ಆಯಿತು. ಮನಸ್ಸಿನ ನೋವಿಗೆ ಬೆರಳು ತೋರಿಸಲಾಗುವುದಿಲ್ಲ. ‘ಕಸಿವಿಸಿ’, ‘ಸಂಕಟ’, ‘ಜೀವ ಹಿಂಡಿದಂತೆ’ ಎಂಬ ಮಾತುಗಳನ್ನು ಬೇರೆ ನುಡಿಯಲ್ಲಿ ಹುಡುಕುತ್ತ ಕೂತ ಅಜ್ಜಿ ಕೊನೆಗೆ ‘ತಲೆನೋವು’ ಎಂದಷ್ಟೇ ಹೇಳಿ ಮಾತ್ರೆ ಪಡೆದು ಹಿಂದಿರುಗುತ್ತಾಳೆ. ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ ಎರಡೂ ನುಡಿ ಬಲ್ಲ, ಗುಟ್ಟು ಕಾಯಬಲ್ಲ ಒಬ್ಬರು ಜೊತೆಗಿರಲಿ.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿ ನೆರವು ಈ ದೃಷ್ಟಿಯಿಂದ ನಮಗೆ ಬಹಳ ಉಪಯುಕ್ತ. 14416 ಎಂಬ ಸಂಖ್ಯೆಗೆ ದೇಶದ ಯಾವ ಮೂಲೆಯಿಂದಲಾದರೂ ಹಗಲಿರುಳು ಶುಲ್ಕವಿಲ್ಲದೆ ಕರೆ ಮಾಡಬಹುದು. ಆರಿಸಿಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡವೂ ಒಂದು. ಅದಕ್ಕೆ ಮಾರ್ಗದರ್ಶನ ಮಾಡುವುದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ. 1974ರಲ್ಲಿ ರೂಪುಗೊಂಡ ಆ ಸಂಸ್ಥೆಗೂ ನಮ್ಮ ಗಡಿಗೂ ಒಂದು ನಂಟಿದೆ. ಮನೋರೋಗಕ್ಕೆ ದೊಡ್ಡಾಸ್ಪತ್ರೆಯೇ ಬೇಕಾಗಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ನೀಡಬಹುದು ಎಂಬುದನ್ನು 1980ರ ದಶಕದಲ್ಲಿ ಅದು ಪ್ರಯೋಗಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ - 1953ರ ವರೆಗೆ ಅದೋನಿ, ಆಲೂರು, ರಾಯದುರ್ಗಗಳನ್ನೂ ಒಳಗೊಂಡಿದ್ದ ಬಳ್ಳಾರಿಯಲ್ಲಿ. ಆ ಮಾದರಿಯನ್ನೇ ಆಧರಿಸಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೊದಲಾಯಿತು. ಆದುದರಿಂದ ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ವಿಚಾರಿಸಿರಿ.

ಸಂಕ್ರಾಂತಿಗೆ ಎಳ್ಳು ಬೀರುವಾಗ ಒಳ್ಳೆಯ ಮಾತನಾಡಬೇಕೆನ್ನುವುದು ನಮ್ಮಲ್ಲಿಯೂ ನೆರೆಯ ಮರಾಠಿಗರಲ್ಲಿಯೂ ಇರುವ ಸಂಪ್ರದಾಯ. ಈ ಸಲ ತಟ್ಟೆ ಹಿಡಿದು ಮನೆಮನೆಗೆ ಹೋದಾಗ ಹೊಸಿಲಲ್ಲೇ ನಿಂತು ಮರಳದೆ ಒಳಗೆ ಕುಳಿತು, ‘ಮನಸ್ಸು ಹೇಗಿದೆ?’ ಎಂದು ಕೇಳಿರಿ. ಕೇಳಿದ ಮೇಲೆ ಉತ್ತರ ಮುಗಿಯುವ ತನಕ ಏಳಬೇಡಿರಿ. ಈ ದಿನಗಳಲ್ಲಿ ಹಗಲು ಬೆಳೆಯುತ್ತ ಹೋಗುವುದು ನಿಧಾನವಾಗಿ, ದಿನಕ್ಕೆ ನಿಮಿಷಕ್ಕೂ ಕಡಿಮೆ. ಕುಗ್ಗಿದ ಮನಸ್ಸು ಚೇತರಿಸಿಕೊಳ್ಳುವುದೂ ಹಾಗೆಯೇ. ಅಷ್ಟರವರೆಗೆ ಜೊತೆಯಲ್ಲಿ ಯಾರಾದರೊಬ್ಬರು ಇರಬೇಕು.